ಒಂದು ಮುಚ್ಚಳ ಹೆಚ್ಚು

ಡಾಕ್ಟರು ಸತ್ತ ಹಕ್ಕಿಯ ಹೊಟ್ಟೆ ಸೀಳುತ್ತಿದ್ದಾಗ ಅವಳು ನೋಡುತ್ತಿದ್ದದ್ದು ಹಕ್ಕಿಯನ್ನಲ್ಲ, ಟಾರ್ಚ್ ಹಿಡಿದಿದ್ದ ವಾರಗಿತ್ತಿಯ ಕೈಯನ್ನು. ಒಂದಿಷ್ಟೂ ಅಲುಗಾಡದ ಕೈ. ಕೋಳಿ ಷೆಡ್ಡಿನ ಮುಂದಿನ ಸಿಮೆಂಟ್ ಕಟ್ಟೆಯ ಮೇಲೆ ಹಳೇ ಪೇಪರು ಹಾಸಿ, ಬೆಳಿಗ್ಗೆ ಸತ್ತು ಬಿದ್ದಿದ್ದವನ್ನು ಸಾಲಾಗಿ ಮಲಗಿಸಿ, "ಒಳಗಡೆ ಸರಿಯಾಗಿ ಕಾಣ್ತಿಲ್ಲ, ಯಾರಾದ್ರೂ ಒಬ್ಬರು ಬೆಳಕು ಹಿಡೀರಿ" ಎಂದು ಡಾಕ್ಟರು ಹೇಳಿದಾಗ ಮೊದಲು ಮುಂದೆ ಚಾಚಿದ್ದು ಹಿರಿಸೊಸೆಯಾದ ಅವಳ ಕೈಯೇ. ಷೆಡ್ಡು ಅವಳದು, ಸತ್ತದ್ದು ಅವಳು ಸಾಕಿದ ಮರಿಗಳು. ಆದರೆ ಅತ್ತೆ ಟಾರ್ಚನ್ನು ಅವಳ ಕೈಯ ಮೇಲಿಂದಲೇ ದಾಟಿಸಿ ಕಿರಿಸೊಸೆಗೆ ಕೊಟ್ಟಿದ್ದರು. "ನೀನು ಹಿಡಿ ಕಣೇ, ನಿನ್ನ ಕೈ ಗಟ್ಟಿ." ಚಾಚಿದ ಕೈಯನ್ನು ಏನು ಮಾಡುವುದೆಂದು ತೋಚದೆ ಅವಳು ಪೇಪರಿನ ಮೂಲೆಯನ್ನು ಸರಿಪಡಿಸಿದ್ದಳು. ಪೇಪರು ಸರಿಯಾಗಿಯೇ ಇತ್ತು. ಇಂಥ ಕೆಲಸಗಳನ್ನು ಈ ಮನೆಯಲ್ಲಿ ಅವಳು ಬಹಳ ಮಾಡಿದ್ದಾಳೆ: ನೆಟ್ಟಗಿದ್ದ ಚಾಪೆಯನ್ನು ನೆಟ್ಟಗೆ ಮಾಡುವುದು, ತೊಳೆದಿಟ್ಟ ಲೋಟವನ್ನು ಮತ್ತೊಮ್ಮೆ ತೊಳೆಯುವುದು. ಚಾಚಿದ ಕೈ ಸುಮ್ಮನೆ ವಾಪಸ್ಸು ಬರಬಾರದಲ್ಲ.

ಆ 'ಕಣೇ' ಬೇರೆ ಅವಳ ಎದೆಗೆ ಚುಚ್ಚಿಕೊಂಡು ಕೂತಿತ್ತು. ಅತ್ತೆ ಅವಳನ್ನು ಬೈದವರಲ್ಲ, ಬಿರುಸಾಗಿ ಒಂದು ಮಾತು ಆಡಿದವರಲ್ಲ. ನೋಡಮ್ಮ, ಬಾಮ್ಮ, ಊಟ ಮಾಡಮ್ಮ. ಬ್ಯಾಂಕಿನ ಕೌಂಟರಿನ ಹೆಂಗಸಿಗೂ ಅವರು ಇದೇ 'ಅಮ್ಮ' ಅನ್ನುತ್ತಾರೆ, ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವಳಿಗೂ ಅನ್ನುತ್ತಾರೆ. ಕಿರಿಯವಳು ಮದುವೆಯಾಗಿ ಬಂದ ವಾರದಲ್ಲೇ 'ಏನೇ', 'ಹೋಗೇ', 'ಸುಮ್ನಿರೇ' ಶುರುವಾಯಿತು. ಒಂದು ದಿನ ಹೊಸಿಲು ಎಡವಿ ಕಾಲುಬೆರಳ ಉಗುರು ಕಿತ್ತುಬಂದಾಗ, ನೋವಿನ ನಡುವೆಯೂ ಹಿರಿಯವಳು ಕಿವಿ ನಿಮಿರಿಸಿ ಕಾದಿದ್ದಳು, ಈಗಲಾದರೂ 'ಏನಾಯ್ತೇ' ಅನ್ನುತ್ತಾರೇನೋ ಅಂತ. ಅತ್ತೆ ಓಡಿಬಂದು ಅರಿಶಿನ ಹಚ್ಚಿ, ಬಟ್ಟೆ ಕಟ್ಟಿ, "ನೋಡ್ಕೊಂಡು ಓಡಾಡಬೇಕಮ್ಮ" ಅಂದಿದ್ದರು. ಅಷ್ಟು ಅಕ್ಕರೆಯಿಂದ ಕಟ್ಟಿದ ಕಟ್ಟನ್ನು ಅವಳು ಬಚ್ಚಲಿಗೆ ಹೋಗಿ ಬಿಚ್ಚಿ ಎಸೆದಿದ್ದಳು. ಯಾರಿಗೆ ಹೇಳಿಕೊಳ್ಳುವುದು ಇದನ್ನು? ಗಂಡನಿಗೆ ಹೇಳಿದರೆ 'ಅಮ್ಮ ಅಂದರೆ ತಪ್ಪಾ?' ಅನ್ನುತ್ತಾನೆ. ಅವನು ಮೊಟ್ಟೆ ಎಣಿಸುವವನು. ತಮ್ಮನನ್ನು ಕೂರಿಸಿಕೊಂಡು ಲಾರಿಯಲ್ಲಿ ಹೊರಟರೆ ಸಂಜೆಯವರೆಗೆ ಮನೆಯ ಚಿಂತೆಯಿಲ್ಲ. ಇವತ್ತೂ ಅಣ್ಣತಮ್ಮ ಇಬ್ಬರೂ ಹೋಗಿದ್ದರು.

"ಇಲ್ಲಿ, ಇಲ್ಲಿ ಹಿಡೀರಿ," ಎಂದರು ಡಾಕ್ಟರು. ಟಾರ್ಚಿನ ಬೆಳಕು ಹಕ್ಕಿಯ ಬಾಲದ ಬುಡಕ್ಕೆ ಸರಿಯಿತು. ಕತ್ತರಿಯ ತುದಿಯಿಂದ ಅವರು ಏನನ್ನೋ ಎತ್ತಿ ಹಿಡಿದರು. "ಈ ಚೀಲ ನೋಡಿ. ಈ ವಯಸ್ಸಿನ ಹಕ್ಕಿಗೆ ದ್ರಾಕ್ಷಿ ಹಣ್ಣಿನಷ್ಟು ಇರಬೇಕು. ಇದು ಕಡಲೆಕಾಳಷ್ಟೂ ಇಲ್ಲ. ಕುತ್ತಿಗೆ ಹತ್ರ ಇರೋ ಗ್ರಂಥಿನೂ ಹಾಗೇ ಸುಕ್ಕಿದೆ. ಮೈ ಕಾಯೋ ಕಣಗಳು ಪಾಠ ಕಲಿಯೋದು ಇಂಥ ಕಡೆನೇ ಅಮ್ಮಾ. ಸ್ಕೂಲೇ ಮುಚ್ಚಿಹೋದ ಮೇಲೆ ಲಸಿಕೆ ಹಾಕಿ ಏನುಪಯೋಗ? ಮೇಷ್ಟ್ರು ಬಂದ್ರು, ಕ್ಲಾಸಲ್ಲಿ ಯಾರೂ ಇಲ್ಲ."

ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು. ವಾರಗಿತ್ತಿಯೂ ನಕ್ಕಳು, ಎಷ್ಟು ಬೇಕೋ ಅಷ್ಟೇ, ಸತ್ತ ಹಕ್ಕಿಗಳ ಮುಂದೆ ಹೆಚ್ಚಾಗದ ಹಾಗೆ. ಅವಳಿಗೆ ಎಲ್ಲದರ ಅಳತೆಯೂ ಗೊತ್ತಿತ್ತು. ಹಿರಿಯವಳು ನಗಲು ಹೊರಟಾಗ ನಗುವ ಹೊತ್ತು ಮುಗಿದಿತ್ತು.

"ನೋಡೋಕೆ ಎಷ್ಟು ಲಕ್ಷಣವಾಗಿದ್ವು," ಎಂದರು ಅತ್ತೆ. ಸತ್ತ ಹಕ್ಕಿಯೊಂದರ ರೆಕ್ಕೆ ಬಿಡಿಸಿ ಬೆರಳಾಡಿಸಿದರು. ಸತ್ತಮೇಲೂ ಗರಿ ಮಿರಿಮಿರಿ ಮಿಂಚುತ್ತಿತ್ತು.

ಆ ಮಿಂಚು ತನ್ನದು. ಇದನ್ನು ಅವಳು ಕಿರುಚಿ ಹೇಳಬೇಕೆಂದಿದ್ದದ್ದು ಇವತ್ತಲ್ಲ, ಅದು ಮೊದಲ ಸಲ ಕಾಣಿಸಿಕೊಂಡ ಬೆಳಿಗ್ಗೆ. ಆಗ ಮರಿಗಳು ಹಳದಿ ತುಪ್ಪಳ ಕಳಚಿ ನಿಜವಾದ ಗರಿ ಹೊದೆಯುವ ವಯಸ್ಸಿಗೆ ಬಂದಿದ್ದವು. ಅತ್ತೆ ಷೆಡ್ಡಿನೊಳಗೆ ಬಂದು, ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ್ದರು. ಅವಳು ನೀರಿನ ಬಟ್ಟಲು ತೊಳೆಯುವ ನೆಪದಲ್ಲಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ದಿನಾ ಅತ್ತೆ ಸ್ನಾನಕ್ಕೆ ಹೋಗುವ ಹೊತ್ತಿಗೆ ಏಣಿ ಹತ್ತಿ ಷೆಡ್ಡಿನ ಟ್ಯಾಂಕಿಗೆ ಅವಳು ಸುರಿಯುತ್ತಿದ್ದದ್ದು ಪೇಟೆಯ ಔಷಧಿ ಅಂಗಡಿಯಿಂದ ತಂದ ಮಿನರಲ್ ಟಾನಿಕ್ಕು. ಸತು, ತಾಮ್ರ, ಸೆಲೆನಿಯಂ, ಇನ್ನೂ ಏನೇನೋ. ತಿಳಿಹಸಿರು ಬಣ್ಣ, ನಾಣ್ಯ ನೆಕ್ಕಿದಂಥ ವಾಸನೆ. ಗರಿಗೆ ಹೊಳಪು, ಮೈಗೆ ಕಸುವು ಅಂತ ಬಾಟಲಿಯ ಮೇಲಿತ್ತು. ಮೇವಿನಲ್ಲಿ ಇದೆಲ್ಲ ಬೇಕಾದಷ್ಟು ಇದ್ದೇ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೇವಿನ ಕೋಣೆ ಮೊದಲು ಅವಳ ಕೈಯಲ್ಲೇ ಇದ್ದದ್ದು. ಜೋಳ, ಸೋಯಾ ಹಿಂಡಿ, ಸುಣ್ಣದ ಪುಡಿ, ಕೊನೆಗೆ ಚಿಟಿಕೆಯಷ್ಟು ಮಿನರಲ್ ಪುಡಿ; ಅವಳೂ ಕಲೆಸಿದವಳೇ. ಕಿರಿಯವಳು ಬಂದಮೇಲೆ ಒಂದು ದಿನ ಅತ್ತೆ, "ಎರಡೂ ಕಡೆ ಓಡಾಡಿ ಸುಸ್ತಾಗ್ತೀಯಮ್ಮ, ಕಲೆಸೋದು ಅವಳು ನೋಡ್ಕೊಳ್ಲಿ" ಎಂದು ಬೀಗದ ಕೈ ಇಸಿದುಕೊಂಡಿದ್ದರು. ಎಷ್ಟು ಮೆತ್ತಗೆ ಇಸಿದುಕೊಂಡರೆಂದರೆ, ಅವಳೇ "ಹೌದತ್ತೆ, ಸುಸ್ತಾಗ್ತಿತ್ತು" ಅಂದುಬಿಟ್ಟಿದ್ದಳು.

ಅಂತೂ ಆ ಬೆಳಿಗ್ಗೆ ಅತ್ತೆ ಮರಿಯನ್ನು ಕೆಳಗೆ ಬಿಟ್ಟು, ಸೆರಗಿಗೆ ಅಂಟಿದ ಪುಕ್ಕ ಕೊಡವಿಕೊಂಡು ಹೇಳಿದ್ದು ಇಷ್ಟು: "ಏನು ಹೊಳಪಮ್ಮ ಇವಕ್ಕೆ! ಇದು ಮೇವಲ್ಲ, ಅವಳ ಕೈಗುಣ."

ಕೈಗುಣ! ಅವಳು ಬಟ್ಟಲು ಉಜ್ಜುತ್ತಲೇ ಇದ್ದಳು. ಕದ್ದು ಹಾಕಿದ್ದನ್ನು ಹೇಗೆ ಹೇಳುವುದು? ಮೊದಲೇ ಕೇಳಿ ಹಾಕಿದ್ದರೆ ಅದು ಅತ್ತೆಯ ಬುದ್ಧಿಯಾಗುತ್ತಿತ್ತು, ಕೇಳದೆ ಹಾಕಿದ್ದರಿಂದ ವಾರಗಿತ್ತಿಯ ಕೈಗುಣವಾಯಿತು. ಎರಡರಲ್ಲೂ ಅವಳಿಗೆ ಪಾಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅದನ್ನೇ ಗಂಡುಮಕ್ಕಳ ಮುಂದೆ ಹೇಳಿದರು, ಫೋನಿನಲ್ಲಿ ತಮ್ಮ ತಂಗಿಗೂ ಹೇಳಿದರು. ವಾರಗಿತ್ತಿ, "ನನ್ನದೇನಿದೆ ಅತ್ತೆ, ಷೆಡ್ಡಲ್ಲಿ ಅಕ್ಕ ನೋಡ್ಕೋತಾರೆ" ಅಂದಳು. ಹಾಗೆ ಅಂದದ್ದಕ್ಕೆ ಹಿರಿಯವಳಿಗೆ ಇನ್ನಷ್ಟು ಹೊಟ್ಟೆ ಉರಿಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಎಲೆಯಲ್ಲಿ ಉಳಿದದ್ದನ್ನು ಎತ್ತಿಹಾಕುವಂತೆ ಈ ಹೊಗಳಿಕೆಯ ಚೂರು ಎತ್ತಿಹಾಕುವುದು ಯಾಕೆ? ಮಾರನೆಯ ಬೆಳಿಗ್ಗೆ ಏಣಿಯ ಮೇಲೆ ನಿಂತು ಅವಳು ಒಂದು ಮುಚ್ಚಳ ಹೆಚ್ಚು ಸುರಿದಳು. ಅದಾದ ಮೇಲೆ ಇನ್ನೊಂದು. ಹೊಳಪು ಎಷ್ಟು ಹೆಚ್ಚಬೇಕೆಂದರೆ, ಇದು ಬರೀ ಮೇವಿನಿಂದ ಬರುವುದಲ್ಲ ಎಂದು ಕುರುಡರಿಗೂ ಗೊತ್ತಾಗಬೇಕು. ಅತ್ತೆ ಬಂದು, 'ಏನು ಮಾಡ್ದೆ ನೀನು?' ಎಂದು ಕೇಳಬೇಕು. ಕೇಳಿದರೆ ಏನು ಹೇಳಬೇಕು, ಹೇಗೆ ತಲೆ ತಗ್ಗಿಸಬೇಕು ಎಂಬುದನ್ನೂ ಅವಳು ಯೋಚಿಸಿಟ್ಟಿದ್ದಳು. ಅತ್ತೆ ಕೇಳಲಿಲ್ಲ. ಕೈಗುಣದ ಸುದ್ದಿ ಮಾತ್ರ ದಿನದಿಂದ ದಿನಕ್ಕೆ ಬೆಳೆಯಿತು.

ಆಮೇಲೆ ಹಕ್ಕಿಗಳು ಸಾಯತೊಡಗಿದವು. ಮೊದಲು ಮೂಲೆಯಲ್ಲಿ ಒಂದೆರಡು, ಕಣ್ಣು ಮುಚ್ಚಿ, ಗರಿ ಉಬ್ಬಿಸಿ ಕೂತವು. ಪ್ರತಿ ಷೆಡ್ಡಿಗೂ ಬಂದುಹೋಗುವ ಮಾಮೂಲಿ ಕೆಮ್ಮು ಇಲ್ಲಿ ಬಂದದ್ದು ಹೋಗಲೇ ಇಲ್ಲ. ಡಾಕ್ಟರು ಮೊದಲ ಸಲ ಬಂದಾಗ ನೇರ ಅವಳನ್ನೇ ಕೇಳಿದ್ದರು: ಲಸಿಕೆ ಯಾರು ಹಾಕಿದ್ದು, ಐಸಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಿರಾ, ಪ್ರತಿಯೊಂದರ ಕಣ್ಣಿಗೂ ಹನಿ ಬಿತ್ತಾ? ಬಿತ್ತು ಡಾಕ್ಟ್ರೇ ಎಂದು ಅವಳು ಹೇಳುತ್ತಿದ್ದ ಹಾಗೇ ಅತ್ತೆ ಪಕ್ಕದಿಂದ, "ಅವಳಿಗೆ ಒಂದೊಂದ್ಸಲ ಸ್ವಲ್ಪ ಮರೆವು" ಅಂದಿದ್ದರು. ಅಪವಾದವಲ್ಲ, ಕನಿಕರ. ಒಂದೊಂದು ಮರಿಯನ್ನೂ ಅಂಗೈಯಲ್ಲಿ ಮಲಗಿಸಿಕೊಂಡು, ಹನಿ ಒಳಗೆ ಇಳಿಯುವ ತನಕ ಕಣ್ಣುರೆಪ್ಪೆ ನೋಡುತ್ತ ನಿಂತದ್ದು ಅವಳು. ಬೆನ್ನು ಬಿದ್ದುಹೋಗಿತ್ತು. ಅವತ್ತು ಡಾಕ್ಟರು ರಕ್ತ, ಪಿತ್ತಜನಕಾಂಗದ ತುಂಡು, ಒಂದು ಹಿಡಿ ಮೇವು ತೆಗೆದುಕೊಂಡು ಹೋಗಿದ್ದರು. ನೀರು ತೆಗೆದುಕೊಂಡಿರಲಿಲ್ಲ. ನೀರು ಯಾರು ಕೇಳುತ್ತಾರೆ? ಆದರೂ ನಿನ್ನೆ, ಡಾಕ್ಟರು ಮತ್ತೆ ಬರುತ್ತಾರೆಂದು ಗೊತ್ತಾದಮೇಲೆ, ಅವಳು ಟ್ಯಾಂಕಿಗೆ ಇಳಿದು ಗೋಡೆಗಳನ್ನು ತಿಕ್ಕಿ ತಿಕ್ಕಿ ತೊಳೆದಿದ್ದಳು. ಖಾಲಿ ಬಾಟಲಿಗಳು ಅದಾಗಲೇ ಗುಜರಿಯವನ ಚೀಲ ಸೇರಿದ್ದವು. ಟ್ಯಾಂಕಿನೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಗ ಅವಳಿಗೆ ಹೆದರಿಕೆಯಿತ್ತು. ಸತ್ತ ಹಕ್ಕಿಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು, ತಾನು ಹಾಗೆ ಮಾಡಬಾರದಿತ್ತು ಅನ್ನಿಸುತ್ತಿತ್ತು. ಅದರ ಜೊತೆಗೇ, ಹೇಳಬಾರದು, ಒಂದು ಆಸೆಯೂ ಇತ್ತು. ಮೇವಿನದೇ ತಪ್ಪು ಎಂದು ಡಾಕ್ಟರು ಹೇಳಿಬಿಟ್ಟರೆ? ಕೈಗುಣ ಎಲ್ಲಿಗೆ ಹೋಗುತ್ತದೆ? ಬೀಗದ ಕೈ ಎಲ್ಲಿಗೆ ಬರುತ್ತದೆ?

ಈಗ ಡಾಕ್ಟರು ಅದನ್ನೇ ಹೇಳುತ್ತಿದ್ದರು. ಬಕೆಟ್ಟಿನಲ್ಲಿ ಕೈ ತೊಳೆಯುತ್ತ, ಲ್ಯಾಬಿನವರು ಬೆಳಿಗ್ಗೆ ಫೋನು ಮಾಡಿದ್ದರು ಎಂದರು. "ಲಸಿಕೆ ತಪ್ಪಲ್ಲ. ಮೈ ಅದನ್ನ ತಗೊಳ್ಳೋ ಸ್ಥಿತೀಲೇ ಇರಲಿಲ್ಲ. ಮೇವಲ್ಲಿ ಮಿನರಲ್ಲು ಇರಬೇಕಾದ್ದರ ಎರಡು ಪಟ್ಟು ಇದೆ. ಇವೆಲ್ಲ ಚಿಟಿಕೆ ಲೆಕ್ಕದ ವಸ್ತು ಅಮ್ಮಾ. ಕಮ್ಮಿಯಾದ್ರೆ ಮೈ ಕಾಯೋ ಶಕ್ತಿ ಕುಗ್ಗುತ್ತೆ, ಅದಕ್ಕೇ ಹಾಕೋದು. ಜಾಸ್ತಿಯಾದ್ರೆ ಅದೇ ಶಕ್ತಿನ ಅದೇ ತಿಂದುಹಾಕುತ್ತೆ. ಮೊದಮೊದಲು ಗರಿ ಚೆನ್ನಾಗೇ ಕಾಣುತ್ತೆ, ನೋಡಿದವರು ಮೋಸ ಹೋಗ್ತಾರೆ."

ಲಸಿಕೆ ತಪ್ಪಲ್ಲ. ಅವಳು ಅತ್ತೆಯ ಮುಖ ನೋಡಿದಳು; ಕೇಳಿಸಿತೇ? ಅತ್ತೆ ನೋಡುತ್ತಿದ್ದದ್ದು ಕಿರಿಯವಳನ್ನು. ಕಿರಿಯವಳ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು, ಹಗಲಿನಲ್ಲಿ ಸುಮ್ಮನೆ. ಮೊದಲ ಸಲ ಆ ಕೈ ಸ್ವಲ್ಪ ಅಲುಗಿತು. ಹಿರಿಯವಳು ಅದನ್ನು ಕಣ್ಣುತುಂಬ ನೋಡಿದಳು. ಸುಳ್ಳು ಹೇಳುತ್ತಾಳೆ, ಅಂದುಕೊಂಡಳು. ಚೀಲದಲ್ಲೇ ಹಾಗೆ ಬಂದಿತ್ತು ಅನ್ನುತ್ತಾಳೆ, ಅಂಗಡಿಯವನ ಮೇಲೆ ಹಾಕುತ್ತಾಳೆ. ಹೇಳಲಿ. ಆಮೇಲೆ ನೋಡೋಣ.

"ನಾನೇ ಅತ್ತೆ," ಅಂದಳು ವಾರಗಿತ್ತಿ. "ನಾನೇ ಜಾಸ್ತಿ ಹಾಕಿದ್ದು. ಮರಿಗಳು ಹೊಳೀತಿವೆ, ನಿನ್ನ ಕೈಗುಣ ಅಂತ ನೀವು ಅಂದ್ರಲ್ಲ, ನನಗೆ ತಲೆ ತಿರುಗಿತು. ಚಿಟಿಕೆಗೇ ಇಷ್ಟು ಹೊಳಪು ಬಂದ್ರೆ ಇನ್ನೂ ಸ್ವಲ್ಪ ಹಾಕಿದ್ರೆ ಹೇಗಿರುತ್ತೆ ಅಂತ ಹಾಕಿಬಿಟ್ಟೆ. ಯಾರನ್ನೂ ಕೇಳಲಿಲ್ಲ." ಟಾರ್ಚು ಆರಿಸಿ ಕಟ್ಟೆಯ ಮೇಲಿಟ್ಟಳು.

ಎಷ್ಟು ಸರಾಗ! ತೂಬು ತೆರೆದ ಹಾಗೆ, ತಡವರಿಕೆಯಿಲ್ಲ, ನೆಪವಿಲ್ಲ. ಹಿರಿಯವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ಏಣಿಯ ಮೇಲೆ ನಿಂತು ತರಿಸಿದ ಹೊಳಪನ್ನು ಇವಳು ತನ್ನದೆಂದು ನಂಬಿ, ಆ ನಂಬಿಕೆಯಲ್ಲಿ ಇನ್ನಷ್ಟು ಹಾಕಿದ್ದಾಳೆ. ತಾನು ಇವಳನ್ನು ಮೀರಿಸಲು ಸುರಿದದ್ದು. ಇವಳು ತನ್ನನ್ನು ತಾನೇ ಮೀರಿಸಲು ಸುರಿದಳು. ಇವಳ ಆಟದಲ್ಲಿ ತಾನು ಇರಲೇ ಇಲ್ಲ. ಇದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಡಾಕ್ಟರು ಕೈ ಒರೆಸಿಕೊಳ್ಳುತ್ತ ತಲೆಯಾಡಿಸಿದರು. "ಸರಿ. ಆದರೂ ಎರಡು ಪಟ್ಟಿಗೆ ಇಷ್ಟೊಂದು ಆಗಬಾರದಿತ್ತು. ಪಿತ್ತಜನಕಾಂಗದಲ್ಲಿ ಸಿಕ್ಕಿರೋದು ಬಹಳ ಜಾಸ್ತಿ. ಲೆಕ್ಕ ಸರಿಯಾಗಿ ಕೂಡ್ತಿಲ್ಲ."

"ಅವಳ ಕೈ ಅಂಥದ್ದು ಡಾಕ್ಟ್ರೇ," ಎಂದರು ಅತ್ತೆ. "ಏನು ಹಾಕಿದ್ರೂ ಜೋರಾಗೇ ಹತ್ತುತ್ತೆ."

ಆ ಮಾತಿನಲ್ಲಿ ದುಃಖವಿತ್ತು. ದುಃಖದ ಒಳಗೆ ಒಂದು ಹೆಮ್ಮೆಯೂ ಇತ್ತು. ಅದನ್ನು ಹಿರಿಯವಳ ಕಿವಿ ಬಿಟ್ಟು ಬೇರಾರ ಕಿವಿಯೂ ಹಿಡಿಯುತ್ತಿರಲಿಲ್ಲ. ಡಾಕ್ಟರು ಇನ್ನೂ ಏನೋ ಕೇಳುವವರಿದ್ದರು, ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಯಾರದೋ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಈ ಮೇವನ್ನು ಇವತ್ತೇ ನಿಲ್ಲಿಸಿ, ಬರೀ ಒಳ್ಳೇ ನೀರು ಕೊಡಿ, ಹೊಸದಾಗಿ ಅಳೆದು ಕಲೆಸಿ, ಉಳಿಯೋವು ಉಳಿಯುತ್ತವೆ ಎಂದು ಹೇಳಿ ಬೈಕು ಹತ್ತಿದರು.

ಮೂವರೇ ಉಳಿದರು. ಷೆಡ್ಡಿನೊಳಗಿಂದ ಬದುಕಿದ್ದ ಹಕ್ಕಿಗಳ ಕೊಕ್ಕೊಕ್ಕು ಸದ್ದು ಬರುತ್ತಿತ್ತು, ಅದರ ನಡುವೆ ಆಗಾಗ ಒಂದು ಒಣ ಕೆಮ್ಮು. ವಾರಗಿತ್ತಿ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ಅತ್ತೆಯ ಮುಂದೆ ಹಿಡಿದಳು. "ನಾನಿನ್ನು ಆ ಕೋಣೆಗೆ ಕಾಲಿಡಲ್ಲ ಅತ್ತೆ. ಅಕ್ಕನೇ ನೋಡ್ಕೊಳ್ಲಿ. ಅವರಿದ್ದಾಗ ಒಂದು ದಿನಕ್ಕೂ ಹೀಗಾಗಿರಲಿಲ್ಲ."

ಹಿರಿಯವಳು ಸೀರೆಯ ನೆರಿಗೆಗೆ ಕೈ ಒರೆಸಿಕೊಂಡಳು. ಬರುತ್ತಿದೆ. ಇಷ್ಟು ಸುಲಭವಾಗಿ ಬರುತ್ತದೆಂದು ಗೊತ್ತಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು? ಮೇವಿನ ಕೋಣೆಯ ಜೋಳದ ಹಿಟ್ಟಿನ ವಾಸನೆ ಅವಳ ಮೂಗಿಗೆ ಬಂದೇಬಿಟ್ಟಿತು. ತಕ್ಕಡಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಬೇಕು. ಕಿರಿಯವಳು ಅದನ್ನು ಕತ್ತಲಲ್ಲಿ ಇಟ್ಟುಕೊಂಡಿದ್ದಾಳೆ. ಅಳೆದು ಅಳೆದು ಹಾಕುತ್ತಾಳೆ ತಾನು. ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಸಂಜೆ ಗಂಡ ಲಾರಿಯಿಂದ ಇಳಿದಾಗ ಏನೂ ಆಗದವಳ ಹಾಗೆ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಾಳೆ.

ಅತ್ತೆ ಬೀಗದ ಕೈಯನ್ನು ಇಸಿದುಕೊಳ್ಳಲಿಲ್ಲ. ಕಿರಿಯವಳ ಬೆರಳುಗಳನ್ನೇ ಅದರ ಮೇಲೆ ಮಡಚಿದರು. "ಹುಚ್ಚಿ. ತಪ್ಪು ಯಾರು ಮಾಡಲ್ಲ? ಬಾಯಿಬಿಟ್ಟು ಒಪ್ಕೊಂಡೆಯಲ್ಲ, ಅಷ್ಟು ಸಾಕು ನನಗೆ. ಇನ್ಮೇಲೆ ಅಳೆದು ಹಾಕು. ನೀನೇ ನೋಡ್ಕೋ."

ಒಪ್ಪಿಕೊಂಡದ್ದಕ್ಕೆ ಇಷ್ಟು ಬೆಲೆಯೇ? ಹಾಗಾದರೆ ತನ್ನ ಹತ್ತಿರ ಇರುವುದು ಇದರ ಎರಡು ಪಟ್ಟು, ಮೂರು ಪಟ್ಟು. ಲೆಕ್ಕ ಕೂಡದೆ ಉಳಿದದ್ದು ಪೂರಾ ತನ್ನದು. ಇದು ಪಶ್ಚಾತ್ತಾಪವಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪಶ್ಚಾತ್ತಾಪ ನಿನ್ನೆ ಟ್ಯಾಂಕಿನೊಳಗೆ ಬಂದಿತ್ತು, ಆಗ ಅದನ್ನು ಬ್ರಷ್ಷು ಹಾಕಿ ತಿಕ್ಕಿ ತೊಳೆದದ್ದಾಗಿತ್ತು. ಇದು ಬೇರೆ, ಉರಿಯುವಂಥದ್ದು.

"ಅತ್ತೆ, ನಾನೂ ಹಾಕಿದ್ದೆ," ಅಂದಳು.

"ಏನನ್ನ?"

"ಟಾನಿಕ್ಕು. ಟ್ಯಾಂಕಿಗೆ. ದಿನಾ ಹಾಕ್ತಿದ್ದೆ. ಇವಳಿಗಿಂತ ಮುಂಚಿಂದ, ಇವಳಿಗಿಂತ ಜಾಸ್ತಿ." ಕೊನೆಯ ಎರಡು ಮಾತಿಗೆ ತನ್ನ ಧ್ವನಿ ಎತ್ತರಕ್ಕೆ ಹೋದದ್ದು ಅವಳಿಗೇ ಕೇಳಿಸಿತು. "ಆ ಹೊಳಪು ಮೇವಿಂದ ಬಂದಿದ್ದಲ್ಲ. ನಂದು. ಈ ಹಕ್ಕಿಗಳನ್ನ ಕೊಂದವಳು ನಾನು."

ಅತ್ತೆ ಅವಳತ್ತ ತಿರುಗಿ ನೋಡಿದರು. ಆ ನೋಟದಲ್ಲಿ ಸಿಟ್ಟು ಬರಲಿ ಎಂದು ಅವಳು ಕಾದಳು. ಒಂದು ಬೈಗುಳ, ಒಂದು 'ಥೂ'. ಬಂದದ್ದು ಒಂದು ಸಣ್ಣ ನಗು, ಕಣ್ಣಿನಲ್ಲಿ ನೀರು ತುಂಬಿಕೊಂಡ ನಗು.

"ಸುಮ್ನಿರಮ್ಮ. ಅವಳ ತಪ್ಪನ್ನ ನೀನ್ಯಾಕೆ ಮೈಮೇಲೆ ಎಳ್ಕೋತೀಯ?"

"ಎಳ್ಕೊಳ್ತಿಲ್ಲ ಅತ್ತೆ, ನಿಜವಾಗ್ಲೂ..."

"ಪೇಟೆಗೆ ಹೋಗಿ ಔಷಧಿ ತರೋದು, ಕದ್ದು ಹಾಕೋದು, ಅದೆಲ್ಲ ನಿನ್ನ ಕೈಲಾಗುತ್ತಾ? ಪಾಪ, ನಿನ್ನೆ ತಾನೇ ಆ ಟ್ಯಾಂಕನ್ನ ಕನ್ನಡಿ ಹಾಗೆ ತೊಳೆದಿದ್ದೀಯ, ನಾನೇ ನೋಡ್ದೆ. ವಿಷ ಹಾಕೋಳು ಹಾಗೆ ತೊಳೀತಾಳಾ?"

"ಅದಕ್ಕೇ ತೊಳೆದದ್ದು! ಬಾಟಲಿ ಗುಜರಿಗೆ ಹಾಕಿದ್ದೀನಿ, ಬೇಕಾದ್ರೆ ಅವನನ್ನ ಕೇಳಿ. ಅಂಗಡಿಯವನನ್ನ ಕೇಳಿ!" ಅವಳು ಕಿರುಚಿದಳು. ಇಷ್ಟು ದೊಡ್ಡ ದನಿ ತನಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. "ಲೆಕ್ಕ ಕೂಡ್ತಿಲ್ಲ ಅಂತ ಡಾಕ್ಟ್ರು ಹೇಳಿದ್ರಲ್ಲ ಅತ್ತೆ, ಯಾಕೆ ಕೂಡ್ತಿಲ್ಲ ಅಂತ ಯೋಚನೆ ಮಾಡಿ!"

"ಆಯ್ತಮ್ಮ, ಆಯ್ತು," ಎಂದರು ಅತ್ತೆ, ಜ್ವರ ಬಂದವರಿಗೆ ಹೇಳುವ ದನಿಯಲ್ಲಿ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಒಳಗೆ ನಡಿ."

ಅಷ್ಟರಲ್ಲಿ ವಾರಗಿತ್ತಿ ಬಂದು ಅವಳನ್ನು ತಬ್ಬಿಕೊಂಡಿದ್ದಳು. ಬೀಗದ ಕೈ ಹಿಡಿದ ಮುಷ್ಟಿ ಬೆನ್ನಿಗೆ ಒತ್ತುತ್ತಿತ್ತು. "ಅಕ್ಕಾ, ನನ್ನ ಉಳಿಸೋಕೆ ಇಷ್ಟೊಂದು ಸುಳ್ಳು ಹೇಳ್ಬೇಡಿ ಅಕ್ಕಾ," ಎನ್ನುತ್ತ ಬಿಕ್ಕಿದಳು, ಭುಜದ ಮೇಲೆ ಬೆಚ್ಚಗಿನ ಕಣ್ಣೀರು ಹರಿಯಿತು. ಹಿರಿಯವಳು ಎರಡೂ ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದಳು. ತನ್ನ ಕಣ್ಣಿಗೆ ಒಂದು ಹನಿಯೂ ಬರಲಿಲ್ಲ. ನೂಕಿಬಿಡಬೇಕೆನ್ನಿಸಿತು, ನೂಕಲಿಲ್ಲ. ವಾರಗಿತ್ತಿಯ ತಲೆಯ ಆಚೆಗೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಕಾಣಿಸಿತು.

"ನೋಡು, ಅಕ್ಕ ಅಂದ್ರೆ ಹೀಗಿರಬೇಕು," ಎಂದರು ಅತ್ತೆ ಕಿರಿಯವಳಿಗೆ. "ಇಂಥ ಮನಸ್ಸು ನಮ್ಮಿಬ್ಬರಿಗೂ ಇಲ್ಲ ಕಣೇ. ಇಷ್ಟು ವರ್ಷ ಜೊತೆಗಿದ್ದೂ ನಾನೇ ಇವಳನ್ನ ಸರಿಯಾಗಿ ನೋಡಲಿಲ್ಲ."

ಈ ಮಾತಿಗಾಗಿಯೇ ಅವಳು ಇಷ್ಟು ವರ್ಷ ಕಾದದ್ದು. ಮಾತು ಬಂದಿತ್ತು, ಹೋಗಿ ಸೇರಿದ್ದು ಮಾತ್ರ ಬೇರೊಬ್ಬಳನ್ನು. ಇಂಥ ಮನಸ್ಸಿನ ಆ ಹಿರಿಸೊಸೆ ಯಾರಿರಬಹುದೆಂದು ಅವಳು ನಿಂತಲ್ಲೇ ಯೋಚಿಸಿದಳು. ಎಂದೂ ಈ ಮನೆಯಲ್ಲಿ ಇರದ, ಇನ್ನು ಮೇಲೆ ಅತ್ತೆ ದಿನಾ ಹೊಗಳಲಿರುವ ಆ ಹೆಂಗಸಿನ ಮೇಲೆ ಅವಳಿಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.